ಗೊಬ್ಬರದ ಮಣ್ಣು, ಯುದ್ಧದ ಗಾಯ

ಕಳೆದ ತಿಂಗಳು ನಮ್ಮ ಧರ್ಮಕೇಂದ್ರದ ಹಿರಿಯ ರೈತರೊಬ್ಬರು ತಿಪ್ಪೆ ಅಗೆದು ಗೊಬ್ಬರ ತುಂಬುತ್ತಿದ್ದಾಗ ತುಕ್ಕು ಹಿಡಿದ ಮೊಳೆಯೊಂದು ಅಂಗಾಲಿಗೆ ಚುಚ್ಚಿತು. ಮೊಳೆ ಕಿತ್ತು, ಕಾಫಿ ಪುಡಿ ಒತ್ತಿ, ಹಳೆಯ ಪಂಚೆಯ ಚೂರು ಬಿಗಿದು ಕೆಲಸ ಮುಂದುವರಿಸಿದರು. ಮರುದಿನ ಕುಂಟುತ್ತ ಬಂದವರನ್ನು ವಿಚಾರಿಸಿದರೆ, "ರಕ್ತ ಆಗಲೇ ನಿಂತುಹೋಯಿತು ಸ್ವಾಮಿ, ಸಣ್ಣ ತೂತು ಅಷ್ಟೇ" ಎಂದರು. ಅವರನ್ನು ಕೂಡಲೇ ಆರೋಗ್ಯ ಕೇಂದ್ರಕ್ಕೆ ಕಳಿಸಿದ್ದಾಯಿತು. ಆದರೆ ಆ ಮಾತು ಮನಸ್ಸಿನಲ್ಲೇ ಉಳಿಯಿತು. ಏಕೆಂದರೆ 1914ರಲ್ಲಿ ದೊಡ್ಡ ದೊಡ್ಡ ಪದವಿ ಪಡೆದ ಸೇನಾ ವೈದ್ಯರೂ ಸಣ್ಣ ತೂತಿನ ಗಾಯವನ್ನು ನಂಬಿ ಮೋಸಹೋಗಿದ್ದರು.

ಆ ಕಥೆ ಹೀಗಿದೆ. 1899ರಿಂದ 1902ರವರೆಗೆ ಬ್ರಿಟಿಷ್ ಸೇನೆ ದಕ್ಷಿಣ ಆಫ್ರಿಕದಲ್ಲಿ ಯುದ್ಧ ಮಾಡಿತ್ತು. ಅಲ್ಲಿಯದು ಒಣ ಹುಲ್ಲುಗಾವಲಿನ ನೆಲ, ಗೊಬ್ಬರ ಕಂಡ ಮಣ್ಣಲ್ಲ. ಗುಂಡು ತಗಲಿದ ಗಾಯಕ್ಕೆ ಔಷಧಿ ಸವರಿ ಬಟ್ಟೆ ಕಟ್ಟಿದರೆ ಬಹುಪಾಲು ತಾನಾಗಿ ಮಾಯುತ್ತಿತ್ತು. ಅದೇ ಅನುಭವವನ್ನು ನೆಚ್ಚಿಕೊಂಡು ವೈದ್ಯರು 1914ರ ಆಗಸ್ಟಿನಲ್ಲಿ ಫ್ರಾನ್ಸಿಗೂ ಬೆಲ್ಜಿಯಮ್ಮಿನ ಫ್ಲಾಂಡರ್ಸ್ ಸೀಮೆಗೂ ಹೋದರು. ಅದೋ ಶತಮಾನಗಳಿಂದ ಉತ್ತು, ಕುದುರೆ ಲದ್ದಿ ಮತ್ತು ದನದ ಸಗಣಿ ಹಾಕಿ ಹಾಕಿ ಹದಮಾಡಿದ ಹೊಲ. ಬೆಳೆಗೆ ಅದಕ್ಕಿಂತ ಒಳ್ಳೆಯ ಭೂಮಿ ಬೇಕಿಲ್ಲ. ಆ ಹೊಲದಲ್ಲೇ ಸೈನಿಕರು ಕಂದಕ ತೋಡಿ, ಅದರ ಕೆಸರಿನಲ್ಲೇ ಮಲಗಿ, ಅದೇ ಕೆಸರು ಮೆತ್ತಿದ ಬಟ್ಟೆಯಲ್ಲಿ ಗಾಯಗೊಂಡರು. ಆ ಶರತ್ಕಾಲದಲ್ಲಿ ನಮ್ಮ ದೇಶದ ಸಿಪಾಯಿಗಳೂ ಮಾರ್ಸೇಲ್ಸ್ ಬಂದರಿನಲ್ಲಿ ಇಳಿದು ಅದೇ ಮಣ್ಣಿಗೆ ಹೋಗಿದ್ದರು.

ಸೆಪ್ಟೆಂಬರ್ ತಿಂಗಳಿನಲ್ಲಿ ಗಾಯಗೊಂಡ ಬ್ರಿಟಿಷ್ ಸೈನಿಕರಲ್ಲಿ ಸಾವಿರಕ್ಕೆ ಎಂಟೊಂಬತ್ತು ಮಂದಿಗೆ ಧನುರ್ವಾಯು ಬಂತು. ಬಂದವರಲ್ಲಿ ಹೆಚ್ಚಿನವರು ಸತ್ತರು. ನಮ್ಮ ತಾಳವಾಡಿ ಕಡೆಯ ಆಸ್ಪತ್ರೆಗಳಲ್ಲಿ ತಮಿಳಿನಲ್ಲಿ 'ರಣಜನ್ನಿ' ಎನ್ನುವುದು ಇದನ್ನೇ. ಮೊದಲು ದವಡೆ ಬಿಗಿಯುತ್ತದೆ, ಬಾಯಿ ತೆರೆಯಲಾಗುವುದಿಲ್ಲ. ಆಮೇಲೆ ಕತ್ತು, ಬೆನ್ನು ಸೆಟೆದು ದೇಹ ಬಿಲ್ಲಿನಂತೆ ಬಾಗುತ್ತದೆ. ಬಾಗಿಲು ಬಡಿದ ಸದ್ದಿಗೂ ಸೆಳೆತ ಬರುತ್ತದೆ. ರೋಗಿಗೆ ಪ್ರಜ್ಞೆ ಮಾತ್ರ ಪೂರ್ತಿ ಇರುತ್ತದೆ. ಒಮ್ಮೆ ಅದನ್ನು ಕಣ್ಣಾರೆ ಕಂಡವರು ಮರೆಯುವುದಿಲ್ಲ.

ಕಾರಣ ಏನೆಂಬುದು ಆ ಹೊತ್ತಿಗಾಗಲೇ ತಿಳಿದಿತ್ತು. 1884ರಲ್ಲಿ ನಿಕೊಲಾಯರ್ ಎಂಬ ಜರ್ಮನ್ ವೈದ್ಯ ತೋಟದ ಮಣ್ಣನ್ನು ಇಲಿ, ಮೊಲಗಳ ಚರ್ಮದಡಿ ಸೇರಿಸಿ ಅವಕ್ಕೆ ಧನುರ್ವಾಯು ಬರುವುದನ್ನು ತೋರಿಸಿದ್ದ. 1889ರಲ್ಲಿ ಜಪಾನಿನ ಕಿಟಸಾಟೊ ಬರ್ಲಿನ್ನಿನಲ್ಲಿ ಆ ಕ್ರಿಮಿಯನ್ನು ಬೇರ್ಪಡಿಸಿ ಬೆಳೆಸಿದ. ಇದು ಕುದುರೆ, ದನಗಳ ಕರುಳಿನಲ್ಲಿ ಯಾವ ತೊಂದರೆಯನ್ನೂ ಮಾಡದೆ ಇದ್ದು, ಲದ್ದಿ ಸಗಣಿಗಳೊಂದಿಗೆ ಮಣ್ಣಿಗೆ ಬೀಳುತ್ತದೆ. ಅಲ್ಲಿ ಗಟ್ಟಿ ಬೀಜದಂತಾಗಿ ವರ್ಷಗಟ್ಟಲೆ ಬಿಸಿಲು ಚಳಿ ತಡೆದು ಕಾದಿರುತ್ತದೆ. ಗಾಳಿಯಾಡುವ ಕಡೆ ಅದು ಮೊಳೆಯುವುದಿಲ್ಲ. ಅದಕ್ಕೆ ಬೇಕಾದದ್ದು ಗಾಳಿ ಹೋಗದ, ಸತ್ತ ಮಾಂಸವಿರುವ ಜಾಗ. ಅಂದರೆ ಅಗಲವಾಗಿ ತೆರೆದುಕೊಂಡು ರಕ್ತ ಸುರಿಯುವ ಗಾಯಕ್ಕಿಂತ, ಬಾಯಿ ಮುಚ್ಚಿದ ಆಳವಾದ ಸಣ್ಣ ತೂತೇ ಅದಕ್ಕೆ ಇಷ್ಟ. ತುಕ್ಕಿನಲ್ಲಿ ವಿಷವಿದೆ ಎಂದು ನಮ್ಮವರು ನಂಬುತ್ತಾರೆ. ತುಕ್ಕು ನಿರಪರಾಧಿ. ಮೊಳೆಗೆ ಅಂಟಿದ ಮಣ್ಣು ಮತ್ತು ಮೊಳೆ ಹೋದ ಆಳ ಇವೆರಡೇ ಅಪಾಯ.

1890ರಲ್ಲಿ ಬೇರಿಂಗ್ ಮತ್ತು ಕಿಟಸಾಟೊ ಇಬ್ಬರೂ ಸೇರಿ ಈ ಕ್ರಿಮಿಯ ವಿಷಕ್ಕೆ ಪ್ರತಿವಿಷವನ್ನೂ ಕಂಡುಹಿಡಿದಿದ್ದರು. ಕುದುರೆಗೆ ವಿಷವನ್ನು ಸ್ವಲ್ಪ ಸ್ವಲ್ಪವಾಗಿ ಏರಿಸುತ್ತ ಚುಚ್ಚಿದರೆ ಅದರ ರಕ್ತದಲ್ಲಿ ಎದುರು ಶಕ್ತಿ ಬೆಳೆಯುತ್ತದೆ. ಆ ರಕ್ತದ ತಿಳಿಯೇ ಔಷಧಿ. ರೋಗ ಹಿಡಿದ ಮೇಲೆ ಕೊಟ್ಟರೆ ಹೆಚ್ಚು ಪ್ರಯೋಜನವಿಲ್ಲ, ಗಾಯವಾದ ಕೂಡಲೇ ಕೊಡಬೇಕು. 1914ರ ಅಕ್ಟೋಬರ್ ಹೊತ್ತಿಗೆ ಗಾಯಾಳುಗಳಿಗೆಲ್ಲ ಇದನ್ನು ಕೊಡುವ ಏರ್ಪಾಡು ಶುರುವಾಯಿತು. ಡಿಸೆಂಬರ್ ವೇಳೆಗೆ ಸಾವಿರಕ್ಕೆ ಎಂಟೊಂಬತ್ತು ಇದ್ದದ್ದು ಎರಡಕ್ಕಿಂತ ಕೆಳಗೆ ಇಳಿಯಿತು. ಮಣ್ಣು ಅದೇ, ಗುಂಡೂ ಅದೇ. ಈ ಲೆಕ್ಕವನ್ನೆಲ್ಲ ಕೂಡಿಸಿಟ್ಟ ಸಮಿತಿಗೆ ಮುಖ್ಯಸ್ಥರಾಗಿದ್ದವರು ಸರ್ ಡೇವಿಡ್ ಬ್ರೂಸ್. ದನ ಸಾಕುವವರಿಗೆ ಅವರ ಹೆಸರು ಬೇರೆ ರೀತಿಯಲ್ಲಿ ಪರಿಚಿತ. ಹಸುಗಳಿಗೆ ಕಂದು ಹಾಕಿಸುವ ಬ್ರುಸೆಲ್ಲಾ ರೋಗಕ್ಕೆ ಆ ಹೆಸರು ಬಂದದ್ದು ಅವರಿಂದಲೇ.

ಇನ್ನೊಂದು ಪಾಠ ಕಲಿಯಲು ಹೆಚ್ಚು ದಿನ ಹಿಡಿಯಿತು. ಗಾಯವನ್ನು ಕಟುವಾದ ಔಷಧಿಯಿಂದ ತೊಳೆದು ಹೊಲಿದುಬಿಟ್ಟರೆ ಆಯಿತು ಎಂದು ಅಂದಿನ ಶಸ್ತ್ರವೈದ್ಯರ ನಂಬಿಕೆ. ಹೊಲಿದ ಗಾಯಗಳು ಒಳಗೇ ಕೊಳೆತವು. ಫ್ರಾನ್ಸಿನ ಬೂಲೋನ್ ಪಟ್ಟಣದಲ್ಲಿ ಒಂದು ಜೂಜುಮನೆಯನ್ನು ಸೇನಾ ಆಸ್ಪತ್ರೆ ಮಾಡಿದ್ದರು. ಅಲ್ಲಿನ ಪ್ರಯೋಗಶಾಲೆಯಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗ್ ಎಂಬ ಯುವ ವೈದ್ಯ ಕೆಲಸಮಾಡುತ್ತಿದ್ದ. ಪೆನಿಸಿಲಿನ್ ಕಂಡುಹಿಡಿದ ಅದೇ ಫ್ಲೆಮಿಂಗ್, ಆದರೆ ಅದು ಇನ್ನೂ 1928ರ ಮಾತು. ಅವನು ಗಾಜಿನ ಕೊಳವೆಯೊಂದನ್ನು ಕಾಯಿಸಿ ಎಳೆದು ಮುಳ್ಳುಮುಳ್ಳಾಗಿ ಚಾಚಿಕೊಂಡ ಸಂದುಗಳನ್ನು ಮಾಡಿದ. ನಿಜವಾದ ಯುದ್ಧದ ಗಾಯ ಒಳಗೆ ಹಾಗೆಯೇ ಇರುತ್ತದೆ. ಅದರಲ್ಲಿ ಕ್ರಿಮಿ ತುಂಬಿ, ಔಷಧಿ ಹೊಯ್ದು ತೊಳೆದು, ಮತ್ತೆ ಕ್ರಿಮಿಯಿಲ್ಲದ ದ್ರವ ತುಂಬಿಟ್ಟ. ಮರುದಿನ ನೋಡಿದರೆ ಕ್ರಿಮಿಗಳು ಮೊದಲಿನಂತೆಯೇ ಬೆಳೆದಿದ್ದವು! ಔಷಧಿ ಆ ಸಂದುಗಳ ತುದಿಗೆ ಹೋಗಿರಲೇ ಇಲ್ಲ. ಮೇಲಾಗಿ ಕ್ರಿಮಿಯನ್ನು ತಿನ್ನುವ ನಮ್ಮದೇ ಬಿಳಿ ರಕ್ತಕಣಗಳನ್ನು ಔಷಧಿ ಮೊದಲು ಕೊಲ್ಲುತ್ತಿತ್ತು ಎಂದೂ ಅವನು ತೋರಿಸಿದ. ಸತ್ತ ಮಾಂಸವನ್ನು ಕತ್ತರಿಸಿ ತೆಗೆ, ಬಟ್ಟೆಯ ಚೂರು, ಮಣ್ಣು ಎಲ್ಲ ತೆಗೆ, ಗಾಯವನ್ನು ತೆರೆದೇ ಬಿಡು, ಕೆಲವು ದಿನ ನೋಡಿ ಶುದ್ಧವಾಗಿದ್ದರೆ ಆಗ ಹೊಲಿ. ಬೆಲ್ಜಿಯಮ್ಮಿನ ಆಂತ್ವಾನ್ ದಪಾಜ್ ಮುಂತಾದ ಶಸ್ತ್ರವೈದ್ಯರು ಈ ಕ್ರಮವನ್ನು ನೆಲೆಗೊಳಿಸಿದರು. ಇಂದಿಗೂ ಯುದ್ಧದ ಗಾಯಕ್ಕೆ ಇದೇ ನಿಯಮ.

ನಮ್ಮ ಮನೆಗಳ ಅರಿಶಿನದ ವಿಷಯ ಬಂದಾಗೆಲ್ಲ ನನಗೆ ಆ ಗಾಜಿನ ಕೊಳವೆ ನೆನಪಾಗುತ್ತದೆ. ಅರಿಶಿನದ ಮೇಲೆ ನನಗೆ ಯಾವ ಜಗಳವೂ ಇಲ್ಲ. ಅರಿಶಿನ ಬೆಳೆಯುವ ಊರಿನಲ್ಲಿದ್ದು ಹಾಗೆ ಜಗಳ ಮಾಡಲೂ ಆಗದು. ಆದರೆ ಮುಳ್ಳು ಹೋದ ತೂತಿನ ತುದಿಗೆ ಅದು ಹೋಗುವುದಿಲ್ಲ, ಬಾಯಿಯನ್ನಷ್ಟೇ ಮುಚ್ಚುತ್ತದೆ. ಕಾಫಿ ಪುಡಿ, ಸುಣ್ಣ, ಹೊಗೆಸೊಪ್ಪು ಮಾಡುವುದೂ ಅಷ್ಟನ್ನೇ. ಸಗಣಿ ಅಥವಾ ಒಲೆಯ ಬೂದಿಯಂತೂ ಬೇಡವೇ ಬೇಡ.

ಕುದುರೆಯ ರಕ್ತದ ತಿಳಿಗೆ ಒಂದು ಕೊರತೆಯಿತ್ತು. ಅದರ ಕಾವಲು ಹತ್ತು ಹದಿನೈದು ದಿನವಷ್ಟೇ. ಕೆಲವರಿಗೆ ಅದು ಒಗ್ಗದೆ ಮೈ ದದ್ದು, ಜ್ವರ ಬರುತ್ತಿತ್ತು. ಇದನ್ನು ನೀಗಿಸಿದವರಲ್ಲಿ ಮುಖ್ಯರು ಫ್ರಾನ್ಸಿನ ಒಬ್ಬ ಪಶುವೈದ್ಯರು, ಗಾಸ್ಟನ್ ರಮೋನ್. 1920ರ ದಶಕದಲ್ಲಿ ಅವರು ವಿಷಕ್ಕೆ ಫಾರ್ಮಾಲಿನ್ ಸೇರಿಸಿ ಬೆಚ್ಚಗಿಟ್ಟು ಅದರ ಹಲ್ಲು ಕಿತ್ತರು. ಅಂಥ ವಿಷ ಕೊಲ್ಲುವುದಿಲ್ಲ, ಆದರೆ ದೇಹಕ್ಕೆ ತನ್ನ ಗುರುತು ಹಿಡಿಸುತ್ತದೆ. ಚುಚ್ಚಿದ ಕಡೆ ಬಾವು ಬಂದ ಕುದುರೆಗಳಲ್ಲಿ ಶಕ್ತಿ ಹೆಚ್ಚು ಬೆಳೆಯುವುದನ್ನು ಗಮನಿಸಿ, ಅವರು ಮದ್ದಿನೊಂದಿಗೆ ಮರಗೆಣಸಿನ ಹಿಟ್ಟನ್ನು ಬೆರೆಸಿಯೂ ನೋಡಿದರು. ಅದೂ ಕೆಲಸಮಾಡಿತು. ಕೊಟ್ಟಿಗೆಯಲ್ಲಿ ನಿಂತು ಕಣ್ಣಿಟ್ಟು ನೋಡುವವರಿಗಷ್ಟೇ ಹೊಳೆಯುವ ಸಂಗತಿ ಇದು.

ಎರಡನೆಯ ಮಹಾಯುದ್ಧಕ್ಕೆ ಮುಂಚೆ ಫ್ರಾನ್ಸ್, ಬ್ರಿಟನ್, 1941ರಲ್ಲಿ ಅಮೆರಿಕ ತಮ್ಮ ಸೈನಿಕರಿಗೆ ಗಾಯವಾಗುವ ಮೊದಲೇ ಈ ಲಸಿಕೆ ಹಾಕಿಸಿದವು. ಯುದ್ಧ ಮುಗಿದಾಗ ಅಮೆರಿಕದ ಸೇನೆಯ ಲೆಕ್ಕ ನೋಡಿ: ಗಾಯ, ಪೆಟ್ಟುಗಳಿಂದ ಆಸ್ಪತ್ರೆ ಸೇರಿದವರು 27 ಲಕ್ಷಕ್ಕೂ ಹೆಚ್ಚು, ಧನುರ್ವಾಯು ಬಂದವರು 12 ಮಂದಿ. 1945ರಲ್ಲಿ ಮನಿಲಾ ನಗರದ ಕಾಳಗದಲ್ಲಿ ಗಾಯಗೊಂಡ, ಲಸಿಕೆ ಕಾಣದ ಊರ ಜನರಲ್ಲಿ ಮಾತ್ರ ನೂರಾರು ಮಂದಿಗೆ ಧನುರ್ವಾಯು ಬಂದು ಹೆಚ್ಚಿನವರು ತೀರಿಕೊಂಡರು.

ನಮ್ಮಲ್ಲಿ ಮಕ್ಕಳಿಗೆ, ಗರ್ಭಿಣಿಯರಿಗೆ ಈ ಚುಚ್ಚುಮದ್ದು ತಪ್ಪದೆ ಸಿಗುತ್ತಿದೆ. ಬಾಣಂತಿಯರ ಮತ್ತು ಹಸುಗೂಸುಗಳ ಧನುರ್ವಾಯು ಭಾರತದಲ್ಲಿ ಹತೋಟಿಗೆ ಬಂದಿದೆ ಎಂದು 2015ರಲ್ಲೇ ತೀರ್ಮಾನವಾಯಿತು. ಹೊರಗೆ ಉಳಿದಿರುವವರು ಐವತ್ತು ಅರವತ್ತು ದಾಟಿದ ಗಂಡಸರು, ಅಂದರೆ ತಿಪ್ಪೆಯಲ್ಲಿ ಬರಿಗಾಲಲ್ಲಿ ನಿಲ್ಲುವವರೇ. ಮನೆಯ ಮಿಕ್ಕವರಿಗೆಲ್ಲ ಹಾಕಿಸಿದ್ದೇವೆ ಎಂದು ನೀವು ಸುಮ್ಮನಿರಬಾರದು. ಇದು ಒಬ್ಬರಿಂದೊಬ್ಬರಿಗೆ ಹರಡುವ ರೋಗವಲ್ಲ, ಆದ್ದರಿಂದ ಒಬ್ಬರ ಲಸಿಕೆ ಇನ್ನೊಬ್ಬರನ್ನು ಕಾಯದು. ಒಮ್ಮೆ ರೋಗ ಬಂದು ಬದುಕಿದವರೂ ಹಾಕಿಸಿಕೊಳ್ಳಬೇಕು, ರೋಗದಿಂದ ಅದಕ್ಕೆ ಎದುರು ಶಕ್ತಿ ಬರುವುದಿಲ್ಲ.

ಗಾಯವಾದರೆ ಹರಿಯುವ ನೀರು, ಸೋಪು ಹಾಕಿ ಹತ್ತು ನಿಮಿಷ ಚೆನ್ನಾಗಿ ತೊಳೆಯಿರಿ. ಆಳವಾಗಿ ಚುಚ್ಚಿದ್ದರೆ ಮೇಲೆ ಏನನ್ನೂ ಮೆತ್ತದೆ ಅಂದೇ ಆರೋಗ್ಯ ಕೇಂದ್ರಕ್ಕೆ ಹೋಗಿ. ತಡವಾದರೂ ಹೋಗಿ, ರೋಗ ಕಾಣಿಸಿಕೊಳ್ಳಲು ಸಾಮಾನ್ಯವಾಗಿ ಒಂದು ವಾರ, ಕೆಲವೊಮ್ಮೆ ಮೂರು ವಾರ ಹಿಡಿಯುತ್ತದೆ. ಹಿಂದೆ ಎಂದೂ ಲಸಿಕೆ ಹಾಕಿಸಿಕೊಂಡಿಲ್ಲವಾದರೆ ಅದನ್ನು ವೈದ್ಯರಿಗೆ ಬಾಯಿಬಿಟ್ಟು ಹೇಳಿ. ಅಂಥವರಿಗೆ ಕೊಳಕು ಗಾಯವಾದಾಗ ಲಸಿಕೆಯ ಜೊತೆಗೆ ಪ್ರತಿವಿಷವೂ ಬೇಕಾಗುತ್ತದೆ, ಮತ್ತು ಒಂದು ಸೂಜಿಗೆ ಮುಗಿಯುವುದಿಲ್ಲ. ಎರಡನೆಯದು ನಾಲ್ಕು ವಾರಕ್ಕೆ, ಮೂರನೆಯದು ಆರು ತಿಂಗಳಿಂದ ಒಂದು ವರ್ಷದೊಳಗೆ. ಆಮೇಲೆ ಹತ್ತು ವರ್ಷಕ್ಕೊಮ್ಮೆ. ನಾವೆಲ್ಲ ಈಗಲೂ ಟಿ.ಟಿ. ಎನ್ನುತ್ತೇವೆ, ಆದರೆ ಈಗ ಕೊಡುವುದು ಟಿ.ಡಿ., ಅದರಲ್ಲಿ ಗಂಟಲಮಾರಿಯ ಮದ್ದೂ ಸೇರಿದೆ. ಹಾಕಿಸಿಕೊಂಡ ದಿನಾಂಕದ ಚೀಟಿಯನ್ನು ಪಡಿತರ ಚೀಟಿಯ ಜೊತೆಗೇ ಇಡಿ. ನಮ್ಮ ಹಿರಿಯರ ಎರಡನೆಯ ಸೂಜಿ ಬರುವ ವಾರ ಇದೆ, ಜೊತೆಗೆ ತಮ್ಮನನ್ನೂ ಕರೆದುಕೊಂಡು ಹೋಗುತ್ತೇನೆ ಎಂದಿದ್ದಾರೆ.