ಕೊವಾಲಾದ ಆಲಿಂಗನ

ಆಸ್ಟ್ರೇಲಿಯದ ಕ್ವೀನ್ಸ್‌ಲ್ಯಾಂಡ್ ಪ್ರಾಂತ್ಯದ ವನ್ಯಮೃಗಧಾಮಗಳಲ್ಲಿ ಕೊವಾಲಾವನ್ನು ಎತ್ತಿಕೊಳ್ಳಬಯಸಿ ಬಂದ ಪ್ರವಾಸಿಗೆ ಪಾಲಕನು ಮೊಟ್ಟಮೊದಲು ವಿಧಿಸುವ ನಿಯಮವೆಂದರೆ ಮರದಂತೆ ನಿಶ್ಚಲನಾಗಿ ನಿಲ್ಲಬೇಕೆಂಬುದು. ಎರಡು ಅಂಗೈಗಳನ್ನೂ ಮೇಲ್ಮೊಗವಾಗಿ ಒಂದರ ಮೇಲೊಂದಿರಿಸಿ ನಡುವಿನ ಮಟ್ಟದಲ್ಲಿ ಹಿಡಿದು ನಿಂತವನ ಕೈಮೇಲೆ ಪಾಲಕನು ಆ ಪ್ರಾಣಿಯನ್ನು ಕುಳ್ಳಿರಿಸಿ, ಅದರ ಮುಂಗಾಲುಗಳನ್ನು ಅವನ ಎದೆಗೆ ಹಚ್ಚುತ್ತಾನೆ, ಬಾಗಿದ ಉಗುರುಗಳು ಅಂಗಿಯನ್ನು ಹಿಡಿಯುತ್ತವೆ, ಛಾಯಾಚಿತ್ರ ತೆಗೆದಾಗುತ್ತದೆ. ಚಿತ್ರ ನೋಡಿದವರು ಅದನ್ನು ವಾತ್ಸಲ್ಯವೆಂದು ಭಾವಿಸುವುದು ಸಹಜವೇ ಸರಿ. ಆದರೆ ಆ ಮೃಗದ ಪಾಲಿಗೆ ಮನುಷ್ಯನು ಒಂದು ಕಾಂಡ, ಅದೂ ಅಷ್ಟೇನೂ ನೆಚ್ಚಿಕೆಗೆ ಅರ್ಹವಲ್ಲದ ಕಾಂಡ.

ಕರಡಿಯ ಕುಲಕ್ಕೆ ಸೇರದ, ಹೊಟ್ಟೆಚೀಲದಲ್ಲಿ ಮರಿಯನ್ನು ಸಾಕುವ ಈ ಜೀವಿಯ ಮುಂಗೈಯಲ್ಲಿ ಎರಡು ಬೆರಳುಗಳು ಉಳಿದ ಮೂರಕ್ಕೆ ಎದುರಾಗಿ ನಿಂತು ಕೊಂಬೆಯನ್ನು ಬಿಗಿಯುತ್ತವೆ. ನಮ್ಮ ಕೋಲಾರದ ಬಯಲುಗಳಿಗೂ ಪರಿಚಿತವಾದ ನೀಲಗಿರಿಯ ಎಲೆಯೇ ಅದರ ಆಹಾರ. ಆದರೆ ಆ ಕುಲದ ನೂರಾರು ಜಾತಿಗಳಲ್ಲಿ ಕೆಲವನ್ನು ಮಾತ್ರ ಆರಿಸಿ ತಿನ್ನುವ ನಾಜೂಕು ಅದಕ್ಕುಂಟು. ಪೌಷ್ಟಿಕತೆ ಕಡಿಮೆಯೂ ವಿಷಾಂಶ ಹೆಚ್ಚೂ ಆದ ಈ ನಾರೆಲೆಯನ್ನು ಸುಮಾರು 2 ಮೀಟರ್ ಉದ್ದದ ಅಂಧಾಂತ್ರದಲ್ಲಿ ಮೆಲ್ಲಮೆಲ್ಲನೆ ಹುದುಗಿಸಿ ಜೀರ್ಣಿಸಿಕೊಳ್ಳಬೇಕಾದ್ದರಿಂದ, ದಿನಕ್ಕೆ 18ರಿಂದ 20 ಗಂಟೆಗಳ ಕಾಲ ಅದು ನಿದ್ರಿಸುತ್ತದೆ. ಇದನ್ನು ಸೋಮಾರಿತನವೆನ್ನುವುದು ಅನ್ಯಾಯ. ಅದರ ಶಕ್ತಿಯ ಲೆಕ್ಕದಲ್ಲಿ ನಿದ್ದೆಗೆಡುವುದೇ ದುಂದು. ಆದಕಾರಣವೇ ಕ್ವೀನ್ಸ್‌ಲ್ಯಾಂಡಿನ ನಿಯಮಗಳು ಒಂದು ಕೊವಾಲಾವನ್ನು ದಿನಕ್ಕೆ 30 ನಿಮಿಷಗಳಿಗೆ ಮೀರಿ ಜನರ ಕೈಗೆ ಕೊಡಬಾರದೆಂದೂ, ಸತತ ಮೂರು ದಿನ ದುಡಿದುದಕ್ಕೆ ಮರುದಿನ ವಿಶ್ರಾಂತಿ ಸಲ್ಲಬೇಕೆಂದೂ ಕಟ್ಟಳೆ ಮಾಡಿವೆ. ನೆರೆಯ ನ್ಯೂ ಸೌತ್ ವೇಲ್ಸ್‌ನಲ್ಲಂತೂ ಪ್ರವಾಸಿಯು ಅದನ್ನು ಎತ್ತಿಕೊಳ್ಳುವಂತೆಯೇ ಇಲ್ಲ.

ಬ್ರಿಸ್ಬೇನ್ ನದಿಯ ದಡದಲ್ಲಿರುವ ಲೋನ್ ಪೈನ್ ಧಾಮವನ್ನು ಕ್ಲಾಡ್ ರೀಡ್ ಎಂಬಾತನು ಜ್ಯಾಕ್ ಮತ್ತು ಜಿಲ್ ಎಂಬ ಎರಡೇ ಕೊವಾಲಾಗಳೊಡನೆ ಆರಂಭಿಸಿದ್ದು 1927ರಲ್ಲಿ. ಅದೇ ವರ್ಷದ ಆಗಸ್ಟಿನಲ್ಲಿ ಕ್ವೀನ್ಸ್‌ಲ್ಯಾಂಡ್ ಸರಕಾರವು ಕೊವಾಲಾ ಬೇಟೆಗೆ ಒಂದು ತಿಂಗಳ ಮುಕ್ತ ಅನುಮತಿಯನ್ನಿತ್ತಿತು. ಧರ್ಮಗುರುಗಳೂ ಪತ್ರಿಕೆಗಳೂ ಪ್ರತಿಭಟಿಸುತ್ತಿದ್ದಂತೆಯೇ, ಮೃದುವಾದ ತುಪ್ಪುಳಿನ ಚರ್ಮಕ್ಕಾಗಿ 5 ಲಕ್ಷಕ್ಕೂ ಮಿಕ್ಕಿ ಪ್ರಾಣಿಗಳು ಹತವಾದವು. ಅಂದಿನ ಜನಕ್ಕೆ ಕೊವಾಲಾವು ತೊಗಲಿನ ಮೂಟೆಯಲ್ಲದೆ ಮತ್ತೇನೂ ಅಲ್ಲದಿದ್ದಾಗ, ಅದನ್ನು ಜೀವಂತವಾಗಿ ಎದೆಗೆತ್ತಿಕೊಳ್ಳುವ ಅವಕಾಶವು ಕನಿಕರವನ್ನು ಕಲಿಸುವ ಪಾಠವೇ ಆಗಿದ್ದಿರಬೇಕೆಂದು ನನಗೆ ತೋರುತ್ತದೆ. ಕಾಲಾನಂತರದಲ್ಲಿ ಈ ಪದ್ಧತಿಯು ರಾಜಮರ್ಯಾದೆಯ ಅಂಗವೂ ಆಯಿತು: 1986ರಲ್ಲಿ ಪೋಪ್ ಎರಡನೆಯ ಜಾನ್ ಪಾಲ್, 2014ರ ಜಿ-20 ಸಮ್ಮೇಳನದಲ್ಲಿ ಒಬಾಮಾ ಮತ್ತು ಪುಟಿನ್ ಬ್ರಿಸ್ಬೇನಿನಲ್ಲಿ ಕೊವಾಲಾವನ್ನೆತ್ತಿಕೊಂಡು ನಿಂತರು. ಪರಸ್ಪರ ಮುಖ ಗಂಟಿಕ್ಕಿಕೊಂಡಿದ್ದ ರಾಷ್ಟ್ರನಾಯಕರಿಗೂ ಮರದಂತೆ ನಿಲ್ಲುವ ಶಿಸ್ತು ತಪ್ಪಲಿಲ್ಲ!

ಅಡವಿಯ ನಾಶ, ವಾಹನಗಳ ಡಿಕ್ಕಿ, ನಾಯಿಗಳ ಹಾವಳಿ, ಕ್ಲಮೈಡಿಯಾ ರೋಗ ಇವುಗಳಿಂದ ಜರ್ಝರಿತವಾದ ಕೊವಾಲಾವನ್ನು ಕ್ವೀನ್ಸ್‌ಲ್ಯಾಂಡ್, ನ್ಯೂ ಸೌತ್ ವೇಲ್ಸ್ ಮತ್ತು ರಾಜಧಾನಿ ಪ್ರದೇಶಗಳಲ್ಲಿ 2022ರಲ್ಲಿ ಅಳಿವಿನಂಚಿನ ಪ್ರಾಣಿಯೆಂದು ಘೋಷಿಸಲಾಯಿತು. ಎತ್ತಿಕೊಳ್ಳುವುದರಿಂದ ಬಂದ ವಿಪತ್ತುಗಳಲ್ಲ ಇವು, ನಿಜ. ಆದರೂ ಲೋನ್ ಪೈನ್ ಧಾಮವು 2024ರಲ್ಲಿ ಈ ಪದ್ಧತಿಯನ್ನು ತಾನಾಗಿಯೇ ಕೈಬಿಟ್ಟಿತು. ಪ್ರಾಣಿಗಳು ತಮ್ಮ ಠಾವಿನಲ್ಲೇ ಉಂಡು ಮಲಗಿರುವುದನ್ನು ಹತ್ತಿರದಿಂದ ಕಾಣುವುದೇ ಸಂದರ್ಶಕರಿಗೆ ಮೆಚ್ಚಾಗುತ್ತಿದೆಯೆಂಬುದು ಅದು ನೀಡಿದ ಕಾರಣ. ಕಾನೂನು ಬದಲಾಗಿಲ್ಲವಾದ್ದರಿಂದ ಪ್ರಾಂತ್ಯದ ಇತರ ಕೆಲವು ಧಾಮಗಳಲ್ಲಿ ಹಣ ತೆತ್ತವರಿಗೆ ಆ ಕೆಲವು ಕ್ಷಣಗಳು ಈಗಲೂ ದೊರೆಯುತ್ತವೆ.