ಕೂಸಿಗೆ ಹಾಲು ಸಾಲುತ್ತಿದೆಯೆ?

ಹೆರಿಗೆಗೆ ತವರಿಗೆ ಹೋಗುವ ಪದ್ಧತಿ ಹೊರನಾಡಿನ ಅನೇಕ ಕನ್ನಡ ಕುಟುಂಬಗಳಲ್ಲಿ ಈಗ ಸಡಿಲಗೊಂಡಿದೆ. ಮೂರನೆಯ ದಿನ ಆಸ್ಪತ್ರೆಯಿಂದ ಎರಡು ಕೋಣೆಗಳ ಮನೆಗೆ ಬರುವ ಬಾಣಂತಿಗೆ ಹಲವು ವೇಳೆ ಜೊತೆಯಾಗಿರುವವನು ಅವಳಷ್ಟೇ ಅನನುಭವಿಯಾದ ಗಂಡನೊಬ್ಬನೇ. ರಾತ್ರಿ ಕೂಸು ಅಳುತ್ತದೆ. ಹುಬ್ಬಳ್ಳಿಯಿಂದಲೋ ಉಡುಪಿಯಿಂದಲೋ ಫೋನಿನಲ್ಲಿ ಬರುವ ತೀರ್ಪು ಒಂದೇ: “ಹಾಲು ಸಾಲುತ್ತಿಲ್ಲ.” ಬೆಳಗಾಗುವುದರೊಳಗೆ ಹಾಲಿನ ಪುಡಿಯ ಡಬ್ಬಿ ಮನೆ ಸೇರಿರುತ್ತದೆ.

ಈ ತೀರ್ಪು ಬಹುಮಟ್ಟಿಗೆ ತಪ್ಪು. ಸೀಸೆಯ ಮೇಲೆ ಅಳತೆಯ ಗೆರೆಗಳಿರುತ್ತವೆ, ತಾಯಿಯ ಎದೆಯ ಮೇಲಿಲ್ಲ. ಸಂಶಯದ ಮೂಲ ಇಷ್ಟೇ. ಆದರೆ ಒಳಗೆ ಹೋದದ್ದು ಕಾಣದಿದ್ದರೂ ಹೊರಗೆ ಬಂದದ್ದು ಕಾಣುತ್ತದೆ. ಉಳಿದದ್ದನ್ನು ತಕ್ಕಡಿ ಹೇಳುತ್ತದೆ.

ಮೊದಲ ದಿನ ಮಗು ಒಂದೆರಡು ಬಾರಿ ಮೂತ್ರ ಮಾಡಿದರೂ ಸಾಕು. ಗಿಣ್ಣುಹಾಲು ಬರುವುದೇ ಚಮಚಗಳ ಲೆಕ್ಕದಲ್ಲಿ; ಹಸುಳೆಯ ಹೊಟ್ಟೆಗೂ ಅಷ್ಟೇ ಬೇಕಾದದ್ದು. ದಿನದಿಂದ ದಿನಕ್ಕೆ ಸಂಖ್ಯೆ ಏರುತ್ತ ಹೋಗಿ, ಐದಾರನೆಯ ದಿನದಿಂದ 24 ಗಂಟೆಗಳಲ್ಲಿ ಆರು ಅಥವಾ ಹೆಚ್ಚು ಬಾರಿ ಬಟ್ಟೆ ಚೆನ್ನಾಗಿ ಒದ್ದೆಯಾಗಬೇಕು, ಮೂತ್ರ ತಿಳಿಯಾಗಿರಬೇಕು. ಮೊದಲ ಎರಡು-ಮೂರು ದಿನ ಬಟ್ಟೆಯ ಮೇಲೆ ಇಟ್ಟಿಗೆಯ ಬಣ್ಣದ ಕಲೆ ಕಂಡರೆ ಗಾಬರಿ ಬೇಡ. ಐದನೆಯ ದಿನವೂ ಕಂಡರೆ ಹಾಲು ಕಡಿಮೆಯಾಗಿದೆಯೆಂದೇ ತಿಳಿಯಬೇಕು. ಅಂಗಡಿಯ ಡಯಾಪರು ಎಷ್ಟನ್ನು ಹೀರಿದರೂ ಒಣಗಿದಂತೆಯೇ ತೋರುವುದರಿಂದ ಈ ಲೆಕ್ಕಕ್ಕೆ ತೊಡಕು. ಒಣ ಡಯಾಪರಿಗೆ ಮೂರು ದೊಡ್ಡ ಚಮಚ ನೀರು ಸುರಿದು ಕೈಯಲ್ಲಿ ತೂಗಿ ನೋಡಿದರೆ ‘ಚೆನ್ನಾಗಿ ಒದ್ದೆ’ ಎಂಬುದರ ಅಂದಾಜು ಸಿಕ್ಕುತ್ತದೆ. ಮೊದಲ ಎರಡು ವಾರವಾದರೂ ಹಳೆಯ ಪಂಚೆಯ ಮೆತ್ತನೆಯ ತುಂಡುಗಳನ್ನೇ ಬಳಸುವುದು ಮೇಲು.

ಮಲವೂ ಸಾಕ್ಷಿ ನುಡಿಯುತ್ತದೆ. ಮೊದಲು ಡಾಂಬರಿನಂತೆ ಕಪ್ಪಾಗಿದ್ದು, ಮೂರು-ನಾಲ್ಕನೆಯ ದಿನ ಹಸಿರು ಛಾಯೆಗೆ ತಿರುಗಿ, ಐದನೆಯ ದಿನದ ಹೊತ್ತಿಗೆ ಸಾಸಿವೆ ಅರೆದಂತೆ ಹಳದಿಯಾಗಬೇಕು. ದಿನಕ್ಕೆ ಮೂರು-ನಾಲ್ಕು ಬಾರಿ, ತೆಳ್ಳಗೆ ಆಗುವ ಇದನ್ನು ಭೇದಿಯೆಂದು ಭ್ರಮಿಸುವವರುಂಟು. ಆರು ವಾರಗಳ ಅನಂತರ ಎದೆಹಾಲಿನ ಮಗು ಹಲವು ದಿನ ಹೊರಗೆ ಹೋಗದೆ ಇರುವುದೂ ಸಹಜವೇ. ಮಲ ಮೆತ್ತಗಿದ್ದು ಮಗು ಗೆಲುವಾಗಿದ್ದರೆ ಹರಳೆಣ್ಣೆಯ ಅಗತ್ಯವಿಲ್ಲ.

ತಕ್ಕಡಿಯ ಮಾತನ್ನು ಸರಿಯಾಗಿ ಓದಬೇಕು. ಹುಟ್ಟಿದ ಪ್ರತಿಯೊಂದು ಮಗುವೂ ಮೊದಲು ಸ್ವಲ್ಪ ಇಳಿಯುತ್ತದೆ. 2,900 ಗ್ರಾಂ ತೂಕದ ಕೂಸು ನಾಲ್ಕನೆಯ ದಿನ 2,700 ಗ್ರಾಂಗೆ ಇಳಿದರೆ ಅದು ಸಹಜದ ಎಲ್ಲೆಯಲ್ಲಿದೆ. ನೂರಕ್ಕೆ ಹತ್ತರಷ್ಟು, ಅಂದರೆ 2,610ರವರೆಗೆ ಇಳಿದರೆ ವೈದ್ಯರು ಕೂಡಲೇ ನೋಡಬೇಕು. ಹತ್ತರಿಂದ ಹದಿನಾಲ್ಕು ದಿನಗಳೊಳಗೆ ಹುಟ್ಟಿನ ತೂಕ ಮರಳಬೇಕು. ಆ ಬಳಿಕ ಮೊದಲ ಮೂರು ತಿಂಗಳು ದಿನಕ್ಕೆ 20ರಿಂದ 30 ಗ್ರಾಂ ಏರಿದರೆ ಹಾಲು ಸಾಲುತ್ತಿದೆಯೆಂಬುದರಲ್ಲಿ ಸಂದೇಹವಿಲ್ಲ. ಒಂದೇ ತಕ್ಕಡಿಯಲ್ಲಿ, ಬಟ್ಟೆ ಬಿಚ್ಚಿ ತೂಗಬೇಕು. ಎರಡು ದವಾಖಾನೆಗಳ ತಕ್ಕಡಿಗಳ ವ್ಯತ್ಯಾಸವೇ ಎಷ್ಟೋ ಮನೆಗಳ ನಿದ್ದೆ ಕೆಡಿಸಿದೆ. ನೆರೆಮನೆಯ ಸೀಸೆಹಾಲಿನ ಮಗುವಿನೊಡನೆ ಹೋಲಿಕೆಯೂ ಸಲ್ಲದು, ಕೆಲವು ತಿಂಗಳ ಬಳಿಕ ಅದು ತೂಕದಲ್ಲಿ ಮುಂದಾಗುವುದುಂಟು. ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಪ್ರಕಟಿಸಿದ ಬೆಳವಣಿಗೆಯ ಪಟ್ಟಿಗಳು ಎದೆಹಾಲುಂಡ ಮಕ್ಕಳನ್ನೇ ಅಳೆದು ಸಿದ್ಧಗೊಂಡವು. ಅದಕ್ಕೆ ಆರಿಸಿದ ಆರು ದೇಶಗಳಲ್ಲಿ ಭಾರತವೂ ಒಂದು. ಇಲ್ಲಿಂದ ಅಳತೆಗೊಳಪಟ್ಟ ಮಕ್ಕಳು ದಕ್ಷಿಣ ದೆಹಲಿಯವು.

ಇನ್ನು ಹುಸಿ ಲಕ್ಷಣಗಳು. ಕೆಲವು ವಾರಗಳ ಬಳಿಕ ಎದೆಯ ಬಿಗಿತ ತಗ್ಗಿ ಮೆತ್ತಗಾಗುತ್ತದೆ. ಅದು ಹಾಲು ಬತ್ತಿದ್ದಲ್ಲ, ಉತ್ಪತ್ತಿ ಮಗುವಿನ ಬೇಡಿಕೆಗೆ ಹೊಂದಿಕೊಂಡದ್ದು. ಪಂಪಿನಿಂದ ಹಿಂಡಿದಾಗ ಬಂದಷ್ಟೇ ಇರುವ ಹಾಲು ಎಂಬ ಎಣಿಕೆಯೂ ಸರಿಯಲ್ಲ, ಚೆನ್ನಾಗಿ ಹೀರುವ ಮಗುವಿನಷ್ಟು ಯಂತ್ರ ತೆಗೆಯಲಾರದು. ಸಂಜೆಯ ಅಳುವಂತೂ ಆರನೆಯ ವಾರದ ಸುಮಾರಿಗೆ ಮೇರೆ ಮುಟ್ಟಿ ಆಮೇಲೆ ತಾನಾಗಿ ತಗ್ಗುತ್ತದೆ. ಕೆಲವು ದಿನ ಮಗು ಗಂಟೆಗೊಮ್ಮೆ ಎದೆಗೆ ಬಾಯಿ ಹಾಕುವುದೂ ಉಂಟು. ಅಂಥ ದಿನಗಳಲ್ಲಿ ಸೀಸೆ ಕೊಟ್ಟರೆ ಅನರ್ಥಕ್ಕೆ ಆರಂಭ. ಎದೆ ಬರಿದಾದಷ್ಟೂ ಹಾಲು ಹುಟ್ಟುತ್ತದೆ. ಡಬ್ಬಿಯ ಹಾಲಿನಿಂದ ಹೊಟ್ಟೆ ತುಂಬಿದ ಮಗು ಕಡಿಮೆ ಹೀರುತ್ತದೆ, ಹಾಲು ನಿಜವಾಗಿಯೇ ಇಳಿಯುತ್ತದೆ, ಫೋನಿನ ತೀರ್ಪು ಸತ್ಯವಾಗುತ್ತದೆ. ಡಬ್ಬಿಹಾಲಿನ ಜಾಹೀರಾತನ್ನು 1992ರ ಕಾನೂನು ನಿಷೇಧಿಸಿದೆ. ಬಂಧುಗಳ ಶಿಫಾರಸಿಗೆ ಅದು ಅನ್ವಯಿಸುವುದಿಲ್ಲ!

ಅಳುವ ಕೂಸಿಗೇ ಹಾಲು ಎಂಬ ರೂಢಿಯ ಮಾತಿನಲ್ಲಿ ಇನ್ನೂ ದೊಡ್ಡ ಅಪಾಯ ಅಡಗಿದೆ. ನಿಜಕ್ಕೂ ಹಾಲು ಸಾಲದ ಎಳೆಗೂಸು ಅನೇಕ ವೇಳೆ ಅಳುವುದೇ ಇಲ್ಲ. ಶಕ್ತಿ ಉಡುಗಿ ಮಲಗಿಬಿಡುತ್ತದೆ. “ಎಷ್ಟು ಸಾಧು ಮಗು” ಎಂದು ಮನೆಯವರು ಹಿಗ್ಗುತ್ತಾರೆ. ಮೊದಲ ವಾರಗಳಲ್ಲಿ ದಿನಕ್ಕೆ ಎಂಟರಿಂದ ಹನ್ನೆರಡು ಬಾರಿ ಹಾಲೂಡಬೇಕು. ಹುಟ್ಟಿನ ತೂಕ ಮರಳುವ ತನಕ ಮೂರು ಗಂಟೆ ಮೀರಿ ಮಲಗಿದ ಮಗುವನ್ನು ಎಬ್ಬಿಸಿಯೇ ಕುಡಿಸಬೇಕು. ಅವಧಿಗೆ ಮುನ್ನ ಹುಟ್ಟಿದ ಮಕ್ಕಳಲ್ಲಿ, ಕಾಮಾಲೆ ಕಂಡ ಮಕ್ಕಳಲ್ಲಿ ಈ ಎಚ್ಚರ ಇಮ್ಮಡಿ ಬೇಕು. ಎಬ್ಬಿಸಿದರೂ ಹೀರದಿದ್ದರೆ, ಎಂಟು ಗಂಟೆಗಳ ಕಾಲ ಬಟ್ಟೆ ಒಣಗಿಯೇ ಇದ್ದರೆ, ಬಾಯಿ ಒಣಗಿದ್ದರೆ, ನೆತ್ತಿ ಕುಳಿಬಿದ್ದಿದ್ದರೆ, ಜ್ವರವಿದ್ದರೆ, ಹಳದಿ ಅಂಗಾಲಿನವರೆಗೆ ಇಳಿದಿದ್ದರೆ, ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಒಯ್ಯಬೇಕು. ಬೇಸಗೆಯೆಂದು ನೀರು ಕುಡಿಸುವುದು ಇದಕ್ಕೆ ಪರಿಹಾರವಲ್ಲ. ಎದೆಹಾಲಿನಲ್ಲಿ ನೂರಕ್ಕೆ 87ಕ್ಕೂ ಹೆಚ್ಚು ಭಾಗ ನೀರೇ. ಜೇನು ವರ್ಷ ತುಂಬುವವರೆಗೂ ನಿಷಿದ್ಧ.

ಹಾಲು ಕಡಿಮೆಯೆಂದು ಸ್ಪಷ್ಟವಾದಾಗ ಮೊದಲು ಪರೀಕ್ಷಿಸತಕ್ಕದ್ದು ಮಗು ಎದೆಗೆ ಕಚ್ಚಿಕೊಂಡಿರುವ ರೀತಿಯನ್ನು. ಬಾಯಿ ಅಗಲವಾಗಿ ತೆರೆದು, ತೊಟ್ಟಿನೊಡನೆ ಸುತ್ತಲಿನ ಕಪ್ಪು ಭಾಗದ ಬಹುಪಾಲು ಒಳಗೆ ಸೇರಿ, ಗಲ್ಲ ಎದೆಗೆ ತಾಗಿರಬೇಕು; ನುಂಗುವ ಸದ್ದು ಕೇಳಿಸಬೇಕು. ತೊಟ್ಟು ನೋಯುತ್ತಿದ್ದರೆ ಹಿಡಿತ ತಪ್ಪಿದೆ. ಇದನ್ನು ತಿದ್ದಿದೊಡನೆಯೇ ಎಷ್ಟೋ ತಾಯಂದಿರ ಕೊರತೆ ನೀಗುತ್ತದೆ. ಥೈರಾಯ್ಡ್ ದೋಷ, ಹೆರಿಗೆಯಲ್ಲಾದ ಅಧಿಕ ರಕ್ತಸ್ರಾವ, ಹಿಂದಿನ ಶಸ್ತ್ರಚಿಕಿತ್ಸೆ ಮುಂತಾದ ಕಾರಣಗಳಿಂದ ನಿಜವಾಗಿಯೇ ಹಾಲು ಸಾಲದ ತಾಯಂದಿರು ಕೆಲವರಿದ್ದಾರೆ. ಅವರಲ್ಲಿ ದೋಷವೆಣಿಸುವುದು ಅನ್ಯಾಯ. ಅಂಥಲ್ಲಿ ಡಬ್ಬಿಹಾಲೂ ಔಷಧವೇ. ವೈದ್ಯರು ಹೇಳಿದ ಪ್ರಮಾಣದಲ್ಲಿ, ಮೊದಲು ಎದೆಗೆ ಹಿಡಿದು, ಆಮೇಲೆ ಬಟ್ಟಲು-ಚಮಚದಿಂದ ಕುಡಿಸಬೇಕು.