ಮಾಲ್ವಣಕ್ಕೆ, ನೇತ್ರಾಣಿಗೆ ಹೊರಡುವ ಮುನ್ನ: ಬಾಡಿಗೆ ಸ್ಕೂಟರ್ ಮತ್ತು ವಿಮೆಯ ಲೆಕ್ಕ

ಶುಕ್ರವಾರ ರಾತ್ರಿ ಥಾಣೆ ಅಥವಾ ಪನ್ವೇಲ್ ಸ್ಟೇಷನ್ನಿನಲ್ಲಿ ಕೊಂಕಣಕನ್ಯಾ ಎಕ್ಸ್‌ಪ್ರೆಸ್ಸಿಗೆ ಕಾಯುವವರನ್ನು ನೋಡಿದರೆ ಕಾಲ ಬದಲಾಗಿರುವುದು ತಿಳಿಯುತ್ತದೆ. ಕೊಂಕಣ ರೈಲ್ವೆ ಪೂರ್ತಿಯಾಗಿ ಶುರುವಾದ 1998ರ ಹೊತ್ತಿಗೆ ಈ ಹಾದಿಯಲ್ಲಿ ನಮ್ಮವರು ಹೋಗುತ್ತಿದ್ದದ್ದು ಊರಿಗೆ: ಮದುವೆಗೆ, ನೇಮಕ್ಕೆ, ಜಾತ್ರೆಗೆ. ಈಗ ಅವರ ಮಕ್ಕಳು ಬೆನ್ನಿಗೆ ಬ್ಯಾಗು ಹಾಕಿಕೊಂಡು ಸ್ಕೂಬಾ ಡೈವಿಂಗಿಗೆ ಹೊರಡುತ್ತಾರೆ. ಕೆಲವರು ಕುಡಾಳಿನಲ್ಲಿ ಇಳಿದು ಮಾಲ್ವಣ, ತಾರ್ಕರ್ಲಿಗೆ. ಕೆಲವರು ಮತ್ಸ್ಯಗಂಧಾ ಹಿಡಿದು ಮುರ್ಡೇಶ್ವರಕ್ಕೆ, ಅಲ್ಲಿಂದ ದೋಣಿಯಲ್ಲಿ ನೇತ್ರಾಣಿ ದ್ವೀಪಕ್ಕೆ. ಇನ್ನಷ್ಟು ದೂರ ಹೋಗುವವರಿಗೆ ಗೋವಾ, ಅಂಡಮಾನ್, ಥಾಯ್ಲೆಂಡ್ ಇದೆ.

ಮನೆಯಲ್ಲಿ ಅಮ್ಮನಿಗೆ ಹೆದರಿಕೆ ಇರುವುದು ಸಮುದ್ರದ ಬಗ್ಗೆ. ಆದರೆ ಎರಡು ದಿನದ ಇಂಥ ಪ್ರವಾಸದಲ್ಲಿ ನೀರಿನೊಳಗೆ ಇರುವುದು ಅರ್ಧ ಗಂಟೆಯೂ ಇಲ್ಲ. ಮೊದಲ ಸಲ ಇಳಿಯುವವರನ್ನು 12 ಮೀಟರಿಗಿಂತ ಕೆಳಗೆ ಒಯ್ಯಬಾರದು ಎಂಬುದು ತರಬೇತಿ ಸಂಸ್ಥೆಗಳ ನಿಯಮ; ಪಕ್ಕದಲ್ಲೇ ಶಿಕ್ಷಕರಿರುತ್ತಾರೆ. ಉಳಿದ ಹೊತ್ತೆಲ್ಲ ರೈಲು, ದೋಣಿ ಮತ್ತು ಬಾಡಿಗೆ ಸ್ಕೂಟರಿನ ಮೇಲೆ. 2022ರ ಮೇ 24ರಂದು ತಾರ್ಕರ್ಲಿಯಲ್ಲಿ ಇಬ್ಬರು ಪ್ರವಾಸಿಗರು ತೀರಿಕೊಂಡದ್ದು ಸ್ಕೂಬಾ ಮುಗಿಸಿ ದಡಕ್ಕೆ ಮರಳುತ್ತಿದ್ದ ದೋಣಿ ಮಗುಚಿ. ಹಾಗಾಗಿ ವಿಮೆಯ ಲೆಕ್ಕ ಹಾಕುವಾಗ ಡೈವಿಂಗ್ ಒಂದನ್ನೇ ನೋಡಿದರೆ ಸಾಲದು. ಪ್ರಯಾಣದ ಒಂದೊಂದು ಘಟ್ಟದಲ್ಲೂ ಹಣ ಕೊಡುವವರು ಬೇರೆ ಬೇರೆ. ಕೆಲವು ಕಡೆ ಯಾರೂ ಇಲ್ಲ.

ಸ್ಕೂಟರಿನ ವಿಮೆ ಯಾರಿಗೆ?

ಕುಡಾಳಿನಿಂದ ಮಾಲ್ವಣಕ್ಕೆ ಸುಮಾರು 30 ಕಿ.ಮೀ. ರಿಕ್ಷಾಕ್ಕಿಂತ ಸ್ಕೂಟರ್ ಅಗ್ಗ, ದಿನವಿಡೀ ತಿರುಗಾಡಬಹುದು. ಅಂಗಡಿಯವನು ಆಧಾರ್ ಕಾರ್ಡಿನ ಫೋಟೋ ತೆಗೆದುಕೊಂಡು ಬೀಗದ ಕೈ ಕೊಡುತ್ತಾನೆ. "ಇನ್ಶೂರೆನ್ಸ್ ಇದೆಯಾ?" ಎಂದು ಕೇಳಿದರೆ "ಇದೆ" ಎನ್ನುತ್ತಾನೆ. ಅದು ಸುಳ್ಳಲ್ಲ. ಆದರೆ ಆ ವಿಮೆ ಯಾರಿಗೆ ಎಂಬುದೇ ಪ್ರಶ್ನೆ.

ಕಾಯಿದೆ ಕಡ್ಡಾಯ ಮಾಡಿರುವುದು ಥರ್ಡ್ ಪಾರ್ಟಿ ವಿಮೆ. ನಿಮ್ಮ ಸ್ಕೂಟರ್ ತಾಗಿ ಬೇರೆಯವರಿಗೆ ಪೆಟ್ಟಾದರೆ ಅದು ಅವರಿಗೆ ಪರಿಹಾರ ಕೊಡುತ್ತದೆ, ಓಡಿಸಿದ ನಿಮಗಲ್ಲ. ಪಾಲಿಸಿಯ ಜೊತೆ 15 ಲಕ್ಷ ರೂಪಾಯಿಯ ವೈಯಕ್ತಿಕ ಅಪಘಾತ ವಿಮೆಯೂ ಇರುತ್ತದಲ್ಲ ಎಂದು ಕೆಲವರು ಹೇಳುತ್ತಾರೆ. ಅದರ ಹೆಸರೇ 'ಓನರ್-ಡ್ರೈವರ್' ಕವರ್. ಸ್ಕೂಟರಿನ ಮಾಲೀಕ ತಾನೇ ಓಡಿಸುತ್ತಿದ್ದರೆ ಮಾತ್ರ ಅದು ಸಿಗುತ್ತದೆ. ಬಾಡಿಗೆಗೆ ತೆಗೆದುಕೊಂಡವರು ಅದರಲ್ಲಿ ಸೇರುವುದಿಲ್ಲ.

ಈ ವಿಷಯದಲ್ಲಿ ಸುಪ್ರೀಂ ಕೋರ್ಟಿನ ಒಂದು ಮುಖ್ಯ ತೀರ್ಪು ಬಂದದ್ದು ನಮ್ಮ ಕರ್ನಾಟಕದ ಪ್ರಕರಣದಲ್ಲೇ. 1999ರ ಡಿಸೆಂಬರಿನಲ್ಲಿ ಇಳಕಲ್ ಕಡೆಯ ಹೆದ್ದಾರಿಯಲ್ಲಿ ಪರಿಚಯದವರ ಬೈಕು ಕೇಳಿ ಪಡೆದು ಹೊರಟಿದ್ದವರೊಬ್ಬರು, ಮುಂದೆ ಹೋಗುತ್ತಿದ್ದ ಎತ್ತಿನ ಗಾಡಿ ಗಕ್ಕನೆ ನಿಂತಾಗ ಅದಕ್ಕೆ ಡಿಕ್ಕಿಯಾಗಿ ತೀರಿಕೊಂಡರು. ಹೆಂಡತಿ, ಮಕ್ಕಳು ಬೈಕಿನ ವಿಮಾ ಕಂಪೆನಿಯಿಂದ ಪರಿಹಾರ ಕೇಳಿದರು. ಬೈಕು ಪಡೆದು ಓಡಿಸುವವನು ಮಾಲೀಕನ ಜಾಗದಲ್ಲೇ ನಿಲ್ಲುತ್ತಾನೆ, ತಪ್ಪು ಯಾರದೆಂದು ನೋಡದೆ ಪರಿಹಾರ ಕೊಡುವ 163ಎ ಕಲಮಿನಡಿ ಅವನ ಕುಟುಂಬ ಅದೇ ವಾಹನದ ವಿಮಾ ಕಂಪೆನಿಯಿಂದ ಹಣ ಕೇಳಲು ಬರುವುದಿಲ್ಲ ಎಂದು 2009ರಲ್ಲಿ ಕೋರ್ಟು ಹೇಳಿತು. ಬಾಡಿಗೆ ಸ್ಕೂಟರ್ ಹತ್ತುವವರು ನೆನಪಿಡಬೇಕಾದ ತತ್ವ ಇದೇ.

ಹಿಂದೆ ಕೂತವರ ಕತೆ ಬೇರೆ. ಸ್ಕೂಟರಿಗೆ ಸಮಗ್ರ ವಿಮೆ, ಅಂದರೆ ಪ್ಯಾಕೇಜ್ ಪಾಲಿಸಿ ಇದ್ದರೆ ಅವರಿಗೆ ರಕ್ಷಣೆ ಇದೆ. ಬರೀ ಥರ್ಡ್ ಪಾರ್ಟಿ ಪಾಲಿಸಿ ಇದ್ದರೆ ಇಲ್ಲ ಎಂದು 2006ರಲ್ಲೇ ಸುಪ್ರೀಂ ಕೋರ್ಟು ಹೇಳಿದೆ. ಹಳೆಯ ಬಾಡಿಗೆ ಸ್ಕೂಟರಿಗೆ ಯಾವ ಪಾಲಿಸಿ ಇದೆ ಎಂದು ಕಾಗದ ನೋಡಿಯೇ ತಿಳಿಯಬೇಕು.

ನಂಬರ್ ಪ್ಲೇಟಿನ ಬಣ್ಣ ನೋಡಿ

ಸ್ವತಃ ಓಡಿಸಲು ಬಾಡಿಗೆಗೆ ಕೊಡುವ ವಾಹನಕ್ಕೆ ಕಪ್ಪು ಪ್ಲೇಟಿನ ಮೇಲೆ ಹಳದಿ ಅಕ್ಷರ ಇರಬೇಕು. ಮೋಟಾರ್‌ಸೈಕಲ್ ಬಾಡಿಗೆಗೆಂದೇ ಕೇಂದ್ರ ಸರಕಾರದ 1997ರ ಯೋಜನೆ ಇದೆ, ಅದರಡಿ ಅಂಗಡಿಗೆ ಲೈಸೆನ್ಸ್ ಬೇಕು. ಬಿಳಿ ಪ್ಲೇಟಿನ ಸ್ಕೂಟರ್ ಎಂದರೆ ಯಾರದೋ ಮನೆ ಬಳಕೆಯ ವಾಹನ. ಅದರ ಪಾಲಿಸಿಯಲ್ಲಿ 'ಬಾಡಿಗೆಗೆ ಬಳಸುವಂತಿಲ್ಲ' ಎಂಬ ಷರತ್ತು ಇದ್ದೇ ಇರುತ್ತದೆ. ಅಪಘಾತವಾದಾಗ ಕಂಪೆನಿ ಮೊದಲು ಹಿಡಿಯುವುದು ಆ ಷರತ್ತನ್ನೇ.

ಲೈಸೆನ್ಸ್ ಇನ್ನೊಂದು ಗಂಟು. ಡೊಂಬಿವಲಿ, ಕಲ್ಯಾಣದಿಂದ ಲೋಕಲ್‌ನಲ್ಲೇ ಓಡಾಡುವ ನಮ್ಮ ಹುಡುಗ ಹುಡುಗಿಯರಲ್ಲಿ ಎಷ್ಟೋ ಮಂದಿ ಕಾರಿನ ಲೈಸೆನ್ಸ್ ಮಾತ್ರ ಮಾಡಿಸಿರುತ್ತಾರೆ. ಎಲ್‌ಎಂವಿ ಎಂದಷ್ಟೇ ಇದ್ದರೆ ಸ್ಕೂಟರ್ ಓಡಿಸುವಂತಿಲ್ಲ. ಗೇರ್ ಇಲ್ಲದ ದ್ವಿಚಕ್ರದ ಲೈಸೆನ್ಸ್ ಇದ್ದವರು ಗೋವಾದಲ್ಲಿ ಬುಲೆಟ್ ಹತ್ತುವಂತಿಲ್ಲ. ಲೈಸೆನ್ಸ್ ಇಲ್ಲದೆ ಓಡಿಸಿದರೆ 5,000 ರೂಪಾಯಿ ದಂಡ. ಅದು ಚಿಕ್ಕದು. ಲೈಸೆನ್ಸ್ ಇಲ್ಲದವನಿಂದ ಯಾರಿಗಾದರೂ ಪೆಟ್ಟಾದರೆ ಕಂಪೆನಿ ಅವರಿಗೆ ಕೊಟ್ಟ ಹಣವನ್ನು ಮಾಲೀಕನಿಂದ ವಸೂಲಿ ಮಾಡಬಹುದು, ಮಾಲೀಕ ನಿಮ್ಮ ಮನೆ ಬಾಗಿಲಿಗೆ ಬರುತ್ತಾನೆ. ನಿಮ್ಮ ಸ್ವಂತ ಅಪಘಾತ ಪಾಲಿಸಿಯೂ ಆಗ ಕೈಕೊಡಬಹುದು.

ವಿದೇಶಕ್ಕೆ ಹೋಗುವವರು ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಮಾಡಿಸಿಕೊಳ್ಳಿ. ಥಾಣೆ, ಕಲ್ಯಾಣ್, ವಾಶಿ, ಪನ್ವೇಲ್ ಯಾವ ಆರ್‌ಟಿಒ ನಿಮ್ಮದೋ ಅಲ್ಲಿ 4ಎ ನಮೂನೆಯಲ್ಲಿ ಅರ್ಜಿ. ಶುಲ್ಕ 1,000 ರೂಪಾಯಿ, ಅವಧಿ ಒಂದು ವರ್ಷ. ಅದರಲ್ಲೂ ದ್ವಿಚಕ್ರದ ವರ್ಗ ನಮೂದಾಗಿರಬೇಕು. ಸ್ಕೂಟರಿಗೆ ಒತ್ತೆಯಾಗಿ ಪಾಸ್‌ಪೋರ್ಟ್ ಮಾತ್ರ ಎಲ್ಲಿಯೂ ಕೊಡಬೇಡಿ. ಹಳೆಯ ಗೀರನ್ನು ತೋರಿಸಿ ಹೊಸ ಹಣ ಕೇಳುವವನ ಕೈಯಲ್ಲಿ ನಿಮ್ಮ ಪಾಸ್‌ಪೋರ್ಟ್ ಇದ್ದರೆ ವಾದಿಸಲು ನಿಮಗೆ ಜಾಗವೇ ಇರುವುದಿಲ್ಲ. ಗಾಡಿ ಪಡೆಯುವಾಗಲೇ ಸುತ್ತಲೂ ವಿಡಿಯೋ ಮಾಡಿಟ್ಟುಕೊಳ್ಳಿ.

ನೀರಿಗಿಳಿದಾಗ

ಆರೋಗ್ಯ ವಿಮೆಯಲ್ಲಿ ಸ್ಕೂಬಾಕ್ಕೆ ಹಣ ಸಿಗುವುದೇ ಇಲ್ಲ ಎಂಬ ಮಾತು ಪೂರ್ತಿ ನಿಜವಲ್ಲ. ವಿಮಾ ಪ್ರಾಧಿಕಾರ 2019ರಲ್ಲಿ ಎಲ್ಲ ಆರೋಗ್ಯ ಪಾಲಿಸಿಗಳಿಗೂ ಒಂದೇ ಮಾತಿನ ಹೊರಗಿಡುವಿಕೆಗಳನ್ನು ಗೊತ್ತು ಮಾಡಿತು. ಅದರಲ್ಲಿ 9ನೆಯದು ಸಾಹಸ ಕ್ರೀಡೆ. ಸ್ಕೂಬಾ ಡೈವಿಂಗಿನ ಹೆಸರೂ ಇದೆ. ಆದರೆ ಹೊರಗಿಟ್ಟಿರುವುದು 'ವೃತ್ತಿಪರನಾಗಿ' ಭಾಗವಹಿಸಿದಾಗಿನ ಚಿಕಿತ್ಸೆಯನ್ನು. ರಜೆಗೆ ಹೋಗಿ ಒಮ್ಮೆ ಇಳಿದ ಪ್ರವಾಸಿಗೆ ಈ ಕಾರಣ ತೋರಿಸಿ ಆಸ್ಪತ್ರೆ ಖರ್ಚು ನಿರಾಕರಿಸಿದರೆ ಆ ಒಂದು ಶಬ್ದವನ್ನು ತೋರಿಸಿ ವಾದಿಸಬಹುದು.

ವೈಯಕ್ತಿಕ ಅಪಘಾತ ಪಾಲಿಸಿ ಮತ್ತು ಪ್ರವಾಸ ವಿಮೆಯಲ್ಲಿ ಈ ಔದಾರ್ಯ ಇಲ್ಲ. ಹಲವು ಪಾಲಿಸಿಗಳು ಸಾಹಸ ಕ್ರೀಡೆಯನ್ನು ಪೂರ್ತಿ ಹೊರಗಿಡುತ್ತವೆ, ಹೆಚ್ಚುವರಿ ಪ್ರೀಮಿಯಂ ಕೊಟ್ಟರೆ ಮಾತ್ರ ಸೇರಿಸುತ್ತವೆ. ಸೇರಿಸಿದಾಗಲೂ ಅರ್ಹ ಶಿಕ್ಷಕರ ಜೊತೆಗಿರಬೇಕು, ಇಂತಿಷ್ಟೇ ಆಳ ಎಂಬ ಷರತ್ತುಗಳಿರುತ್ತವೆ. ಐರೋಲಿ, ಮಹಾಪೆಯ ಕಂಪೆನಿಗಳಲ್ಲಿ ಕೆಲಸ ಮಾಡುವವರು ಆಫೀಸಿನ ಗ್ರೂಪ್ ಅಪಘಾತ ವಿಮೆಯಲ್ಲಿ ಏನು ಬರೆದಿದೆ ಎಂದು ಎಚ್‌ಆರ್‌ಗೆ ಒಂದು ಮೇಲ್ ಹಾಕಿ ಕೇಳಬಹುದು. ಪದೇ ಪದೇ ಡೈವ್ ಮಾಡುವವರಿಗೆ ಡೈವರ್ಸ್ ಅಲರ್ಟ್ ನೆಟ್‌ವರ್ಕ್‌ನಂಥ ಸಂಸ್ಥೆಗಳ ಪ್ರತ್ಯೇಕ ಡೈವಿಂಗ್ ವಿಮೆ ಇದೆ. ಒತ್ತಡದ ವ್ಯತ್ಯಾಸದಿಂದ ರಕ್ತದಲ್ಲಿ ಸಾರಜನಕದ ಗುಳ್ಳೆ ಕಟ್ಟಿದರೆ ಬೇಕಾಗುವ ಹೈಪರ್‌ಬಾರಿಕ್ ಚೇಂಬರ್ ಎಲ್ಲ ಊರಿನಲ್ಲೂ ಇರುವುದಿಲ್ಲ. ಅಲ್ಲಿಗೆ ಸಾಗಿಸುವ ಖರ್ಚೇ ದೊಡ್ಡದು.

ಡೈವಿಂಗಿಗೆ ಮುಂಚೆ ಕೊಡುವ ಆರೋಗ್ಯದ ಫಾರ್ಮಿನಲ್ಲಿ ಅಸ್ತಮಾ, ಕಿವಿಯ ತೊಂದರೆ, ಹೃದಯದ ಕಾಯಿಲೆಯನ್ನು ಮುಚ್ಚಿಡಬೇಡಿ. ಅದು ಜೀವಕ್ಕೂ ಅಪಾಯ, ಕ್ಲೇಮಿಗೂ. ಡೈವ್ ಆದ ಮೇಲೆ ವಿಮಾನಕ್ಕೆ ಆತುರ ಬೇಡ: ಒಂದೇ ಡೈವ್ ಆದರೆ ಕನಿಷ್ಠ 12 ಗಂಟೆ, ಹೆಚ್ಚು ಸಲ ಇಳಿದಿದ್ದರೆ 18 ಗಂಟೆ ಬಿಡಬೇಕು. ಕರಾವಳಿಯ ಉದ್ದಕ್ಕೂ ಬರುವ ನಮ್ಮ ರೈಲಿಗೆ ಈ ತೊಂದರೆ ಇಲ್ಲ.

ಕೇಂದ್ರವನ್ನು ಆರಿಸುವಾಗ ಅಗ್ಗದ ದರವನ್ನೇ ನೋಡಬೇಡಿ. ಮಹಾರಾಷ್ಟ್ರದ 2021ರ ಸಾಹಸ ಪ್ರವಾಸೋದ್ಯಮ ನೀತಿಯಡಿ ನೋಂದಣಿ ಆಗಿದೆಯೇ, ದೋಣಿಯಲ್ಲಿ ಎಲ್ಲರಿಗೂ ಲೈಫ್ ಜಾಕೆಟ್ ಇದೆಯೇ, ಎಷ್ಟು ಜನರನ್ನು ಹತ್ತಿಸುತ್ತಾರೆ ಎಂದು ಕೇಳಿ. ಜನ ಹೆಚ್ಚಾದರೆ ಮುಂದಿನ ದೋಣಿಗೆ ಕಾಯಿರಿ.

ಏನಾದರೂ ಆಗಿಬಿಟ್ಟರೆ

ರಸ್ತೆ ಅಪಘಾತವಾದರೆ 2025ರ ಮೇ ತಿಂಗಳಿಂದ ಜಾರಿಗೆ ಬಂದಿರುವ ಕೇಂದ್ರದ ಯೋಜನೆಯಡಿ ಗೊತ್ತು ಮಾಡಿದ ಆಸ್ಪತ್ರೆಗಳಲ್ಲಿ ಏಳು ದಿನದವರೆಗೆ 1.5 ಲಕ್ಷ ರೂಪಾಯಿ ತನಕ ನಗದುರಹಿತ ಚಿಕಿತ್ಸೆ ಸಿಗುತ್ತದೆ. ಪೊಲೀಸರಿಗೆ ತಿಳಿಸಿ, ದೂರಿನ ಪ್ರತಿ ಪಡೆಯಿರಿ. ಅದಿಲ್ಲದೆ ಯಾವ ಕ್ಲೇಮೂ ಮುಂದೆ ಹೋಗದು. ವಿಮಾ ಕಂಪೆನಿ ಹಣ ನಿರಾಕರಿಸಿದರೆ ಮೊದಲು ಅದಕ್ಕೇ ಲಿಖಿತ ದೂರು ಕೊಡಿ, ಬಗೆಹರಿಯದಿದ್ದರೆ ವಿಮಾ ಒಂಬುಡ್ಸ್‌ಮನ್ ಇದ್ದಾರೆ. 50 ಲಕ್ಷದವರೆಗಿನ ತಕರಾರಿಗೆ ಶುಲ್ಕವಿಲ್ಲ, ವಕೀಲರೂ ಬೇಡ. ಡೈವಿಂಗ್ ಕೇಂದ್ರದ ನಿರ್ಲಕ್ಷ್ಯವಾದರೆ 2019ರ ಗ್ರಾಹಕ ಕಾಯಿದೆಯಡಿ ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಡೊಂಬಿವಲಿಯವರು ಸಿಂಧುದುರ್ಗಕ್ಕೆ ಅಲೆಯಬೇಕಿಲ್ಲ, ಥಾಣೆ ಸಾಕು.

ಕಡಿಮೆ ಖರ್ಚಿನ ಎರಡು ಸಂಗತಿಗಳನ್ನಂತೂ ಬಿಡಬೇಡಿ. ರೈಲು ಟಿಕೆಟ್ ಬುಕ್ ಮಾಡುವಾಗ ಒಂದು ರೂಪಾಯಿಗೂ ಕಡಿಮೆಗೆ ಸಿಗುವ ವಿಮೆಗೆ ಟಿಕ್ ಹಾಕಿ. ಅದು ರೈಲಿನ ಪ್ರಯಾಣಕ್ಕಷ್ಟೇ. ಬ್ಯಾಂಕಿನಲ್ಲಿ ವರ್ಷಕ್ಕೆ 20 ರೂಪಾಯಿಯ ಸುರಕ್ಷಾ ಬಿಮಾ ಯೋಜನೆ ಇದೆ, ಅಪಘಾತದಲ್ಲಿ ಸತ್ತರೆ 2 ಲಕ್ಷ. ಫ್ಲಾಟಿನ ಸಾಲದ ಕಂತು ಕಟ್ಟುತ್ತಿರುವ ಮನೆಗೆ ಇದು ಸಾಲದು, ಸ್ವಂತದ ಅಪಘಾತ ಪಾಲಿಸಿ ಬೇಕೇ ಬೇಕು. ಆ ಪಾಲಿಸಿಗಳ ನಂಬರುಗಳನ್ನು ಒಂದು ಚೀಟಿಯಲ್ಲಿ ಬರೆದು ಮನೆಯವರ ಕೈಗೆ ಕೊಟ್ಟು ಹೋಗಿ. ಲಾಕ್ ಆದ ಮೊಬೈಲಿನೊಳಗಿನ ಪಾಲಿಸಿಯನ್ನು ಅಪ್ಪ ಅಮ್ಮ ಹುಡುಕಿ ತೆಗೆಯಲಾರರು.